ಔಷಧ ಕಂಪನಿಯಲ್ಲಿ ನಿಮಗೇನು ಕೆಲಸ?

ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೂ ಈ ಪ್ರಶ್ನೆ ತಪ್ಪಿದ್ದಲ್ಲ. ‘ನೀನು ಡಾಕ್ಟರ್ ಅಲ್ಲ, ಫಾರ್ಮಸಿ ಓದಿಲ್ಲ. ಔಷಧ ಕಂಪನಿಯಲ್ಲಿ ಡೇಟಾ ಅನಲಿಟಿಕ್ಸ್ ಮ್ಯಾನೇಜರ್ ಅಂದ್ರೆ ಏನ್ ಮಾಡ್ತೀಯಮ್ಮ?’ ಸಾರು ಬಡಿಸುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಅದು. ಇಲ್ಲಿ ಬಿಡಿಸಿ ಬರೆಯುತ್ತೇನೆ.

ನಾನು ಮೈಸೂರಿನಲ್ಲಿ ಓದಿದ್ದು ಸಂಖ್ಯಾಶಾಸ್ತ್ರ. ಹೊಸ ಔಷಧವನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವಾಗ ಆಸ್ಪತ್ರೆಗಳಿಂದ ಬರುವ ಅಂಕಿಗಳನ್ನು ನಮ್ಮ ತಂಡ ನೋಡುತ್ತದೆ. ಗ್ರಾಫು, ಪ್ರೋಗ್ರಾಂ ಎಲ್ಲ ತಂಡದ ಹುಡುಗರು ಚೆನ್ನಾಗಿಯೇ ಮಾಡುತ್ತಾರೆ. ಯಾರೂ ಊಹೆ ಮಾಡದ ಹಾಗೆ ಕಾಯುವುದು ನನ್ನ ಕೆಲಸ.

ಒಂದು ಸಲ ಸಕ್ಕರೆ ಕಾಯಿಲೆಯ ಪಟ್ಟಿಯೊಂದರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಹೀಗಿತ್ತು: 112, 138, 126, 6.9, 131. ಹೊಸದಾಗಿ ಸೇರಿದ ಹುಡುಗ, ‘ಮೇಡಂ, ಉಳಿದದ್ದೆಲ್ಲ ಮಿಲಿಗ್ರಾಂ ಲೆಕ್ಕ, 6.9 ಮಾತ್ರ ಮಿಲಿಮೋಲ್ ಲೆಕ್ಕದಲ್ಲಿ ಬಂದಿದೆ, 18ರಿಂದ ಗುಣಿಸಿದರೆ 124 ಆಗುತ್ತೆ, ಸರಿಮಾಡಿಬಿಡ್ಲಾ?’ ಅಂದ. ಅವನ ಲೆಕ್ಕ ತಪ್ಪಲ್ಲ, 124 ಆ ಸಾಲಿಗೆ ಚೆನ್ನಾಗಿಯೇ ಹೊಂದುತ್ತಿತ್ತು. ಬೇಡ, ಆಸ್ಪತ್ರೆಗೆ ಕ್ವೆರಿ ಕಳಿಸು ಅಂದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು. ಅದು ಆವತ್ತಿನ ಸಕ್ಕರೆಯೇ ಅಲ್ಲ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ. ಪಕ್ಕದ ಕಾಲಂನದ್ದು ಇಲ್ಲಿ ಕೂತಿತ್ತು. ನಿಜವಾದ ಅಂಕಿ 163. ನಾವೇ ತಿದ್ದಿದ್ದರೆ ಆ ರೋಗಿಯ ಸಕ್ಕರೆ ಹಿಡಿತದಲ್ಲಿದೆ ಎಂದು ದಾಖಲಾಗುತ್ತಿತ್ತು.

ತಪ್ಪು ಅಂಕಿಗಿಂತ ನನ್ನನ್ನು ಹೆಚ್ಚು ಕಾಡುವುದು ಪಟ್ಟಿಯಲ್ಲಿ ಅಂಕಿಯೇ ಇಲ್ಲದ ಖಾಲಿ ಮನೆ. ಆರನೇ ಭೇಟಿಗೆ ರೋಗಿ ಬಂದಿಲ್ಲ. ಯಾಕೆ? ವಾಸಿಯಾಯಿತೆಂದೋ, ಬಿತ್ತನೆ ಕೆಲಸವಿತ್ತೆಂದೋ, ಅಥವಾ ಮಾತ್ರೆ ತಿಂದರೆ ವಾಂತಿಯಾಗುತ್ತದೆ, ಸಾಕಪ್ಪ ಎಂದೋ? ಔಷಧ ತಾಳಲಾರದೆ ಬಿಟ್ಟು ಹೋದವರನ್ನು ಲೆಕ್ಕದಿಂದ ಕೈಬಿಟ್ಟು, ಉಳಿದವರನ್ನಷ್ಟೇ ಎಣಿಸಿದರೆ ಎಂಥ ಔಷಧವೂ ಒಳ್ಳೆಯದಾಗಿ ಕಾಣುತ್ತದೆ. ಅದಕ್ಕೇ ಯಾರಿಗೆ ನಿಜವಾದ ಔಷಧ, ಯಾರಿಗೆ ಔಷಧವಿಲ್ಲದ ಹುಸಿ ಮಾತ್ರೆ ಎಂಬ ಗುಟ್ಟು ಬಿಚ್ಚುವ ಮೊದಲೇ, ಇಂಥ ಖಾಲಿ ಮನೆಗಳನ್ನು ಹೇಗೆ ಲೆಕ್ಕ ಹಿಡಿಯುತ್ತೇವೆಂದು ಬರೆದು ಸಹಿ ಹಾಕಿರಬೇಕು. ಫಲಿತಾಂಶ ನೋಡಿದ ಮೇಲೆ ನಿಯಮ ಬರೆಯುವಂತಿಲ್ಲ.

ಇದು ಅತಿಯಾಯಿತು ಅನ್ನುವವರಿಗೆ ನಾನು ಹೇಳುವುದು ರೋಫೆಕಾಕ್ಸಿಬ್ ಎಂಬ ನೋವಿನ ಮಾತ್ರೆಯ ಕಥೆ. ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯ ವರದಿ 2000ದಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹೊಟ್ಟೆಯ ತೊಂದರೆಗಳ ಎಣಿಕೆಗೆ ಒಂದು ಕೊನೆಯ ದಿನಾಂಕ, ಹೃದಯದ ತೊಂದರೆಗಳಿಗೆ ಅದಕ್ಕಿಂತ ಮುಂಚಿನ ಇನ್ನೊಂದು. ಹಾಗಾಗಿ ಮಾತ್ರೆ ತಿಂದವರಲ್ಲಿ ಆದ 20 ಹೃದಯಾಘಾತಗಳಲ್ಲಿ 17 ಮಾತ್ರ ಆ ವರದಿಯ ಲೆಕ್ಕಕ್ಕೆ ಸಿಕ್ಕಿದವು. 2004ರ ಸೆಪ್ಟೆಂಬರಿನಲ್ಲಿ ಮಾತ್ರೆಯನ್ನೇ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಆ ಮೂರರ ವಿಷಯವಾಗಿ ಪತ್ರಿಕೆ ಬಹಿರಂಗವಾಗಿ ಕಳವಳ ವ್ಯಕ್ತಪಡಿಸಿದ್ದು 2005ರ ಡಿಸೆಂಬರಿನಲ್ಲಿ. ಪಟ್ಟಿಯಲ್ಲಿ ಮೂರೇ ಸಾಲು. ನನಗೆ ಅದು ಸಣ್ಣ ಸಂಖ್ಯೆಯಾಗಿ ಯಾವತ್ತೂ ಕಂಡಿಲ್ಲ.

ಎಲ್ಲ ಸರಿಯಾಗಿ ಎಣಿಸಿದರೂ ಪರೀಕ್ಷೆಗೊಂದು ಮಿತಿಯಿದೆ. 3,000 ಜನರಲ್ಲಿ ಒಬ್ಬರಿಗೂ ಒಂದು ಅಡ್ಡಪರಿಣಾಮ ಕಾಣಲಿಲ್ಲ ಅನ್ನಿ. ಆಗಲೂ ಅದು ಸಾವಿರಕ್ಕೊಬ್ಬರಿಗೆ ಆಗಬಹುದಾದ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಹತ್ತು ಸಾವಿರಕ್ಕೊಬ್ಬರಿಗೆ ಆಗುವಂಥದ್ದು ಗೊತ್ತಾಗುವುದು ಔಷಧ ಅಂಗಡಿಗೆ ಬಂದ ಮೇಲೆ, ಅದೂ ತಿಂದವರು ಬಾಯಿಬಿಟ್ಟು ಹೇಳಿದರೆ.

ನಮ್ಮ ಚಿಕ್ಕಮ್ಮ ಹೇಳಲಿಲ್ಲ. ಹೊಸ ಮಾತ್ರೆ ಶುರುಮಾಡಿದ ಮೂರನೇ ದಿನ ಮೈಯೆಲ್ಲ ದದ್ದು ಎದ್ದಿತ್ತು. ತಾವೇ ನಿಲ್ಲಿಸಿ, ಸ್ಟ್ರಿಪ್ಪನ್ನು ಕಸಕ್ಕೆ ಹಾಕಿ ಸುಮ್ಮನಾದರು. ನನಗೆ ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಇಂಥ ಅಡ್ಡಪರಿಣಾಮಗಳನ್ನು ತಿಳಿಸಲು ಭಾರತದಲ್ಲಿ 2010ರಿಂದ ಒಂದು ರಾಷ್ಟ್ರೀಯ ಕಾರ್ಯಕ್ರಮವಿದೆ, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನೋಡಿಕೊಳ್ಳುತ್ತದೆ. 1800-180-3024 ಅದರ ಉಚಿತ ಸಹಾಯವಾಣಿ. ಡಾಕ್ಟರೇ ಆಗಬೇಕಿಲ್ಲ, ರೋಗಿಯೋ ಮನೆಯವರೋ ತಿಳಿಸಬಹುದು. ಮೊದಲು ನಿಮ್ಮ ವೈದ್ಯರಿಗೆ ಹೇಳಿ, ಆಮೇಲೆ ಇಲ್ಲಿಗೂ ತಿಳಿಸಿ. ಮಾತ್ರೆಯ ಹೆಸರು, ಶುರುಮಾಡಿದ ದಿನ, ತೊಂದರೆ ಕಂಡ ದಿನ ಬರೆದಿಟ್ಟುಕೊಳ್ಳಿ. ಸ್ಟ್ರಿಪ್ ಎಸೆಯಬೇಡಿ, ಬ್ಯಾಚ್ ನಂಬರ್ ಇರುವುದು ಅದರ ಮೇಲೆಯೇ.