ಮಾವನ ಗದ್ದೆಯ ಏರೋಪ್ಲೇನ್ ಚಿಟ್ಟೆಗಳು

ಚೌತಿ ಮುಗಿದ ಮೇಲೂ ತೀರ್ಥಹಳ್ಳಿ ಕಡೆಯ ಮಾವನ ಮನೆಯಲ್ಲೇ ಉಳಿದಿದ್ದೆ. ಮಳೆ ಹೊಳವಾಗಿತ್ತು. ಕಳೆ ಕೀಳುವವರ ಜೊತೆ ನಾನೂ ಗದ್ದೆಗಿಳಿದೆ. ಕಾಲಿಟ್ಟಲ್ಲೆಲ್ಲ ಭತ್ತದ ನಡುವಿನಿಂದ ಕಪ್ಪು-ಬಿಳಿ ಏರೋಪ್ಲೇನ್ ಚಿಟ್ಟೆಗಳು ಏಳುತ್ತಿದ್ದವು. ಎದ್ದು ದೂರವೇನೂ ಹೋಗುವುದಿಲ್ಲ. ನಾಲ್ಕು ಮಾರು ಆಚೆ ಇನ್ನೊಂದು ಗರಿ ಹಿಡಿದು ಕೂರುತ್ತವೆ.

ಪೈಡ್ ಪ್ಯಾಡಿ ಸ್ಕಿಮ್ಮರ್ ಎನ್ನುವ ಡ್ರ್ಯಾಗನ್‌ಫ್ಲೈ ಇದು. 1773ರಲ್ಲಿ ಇಂಗ್ಲಿಷ್ ಕೀಟತಜ್ಞ ಡ್ರೂರಿ ವಿವರಿಸಿದ ಇದರ ಈಗಿನ ವೈಜ್ಞಾನಿಕ ಹೆಸರು ನ್ಯೂರೋಥೆಮಿಸ್ ಟುಲಿಯಾ. ಗಂಡಿನ ಮೈ ಕಪ್ಪು, ಬೆನ್ನುದ್ದಕ್ಕೂ ಕೆನೆಬಣ್ಣದ ಗೆರೆ. ರೆಕ್ಕೆಯ ಬುಡದ ಅರ್ಧ ನೀಲಿಗಪ್ಪು, ಅದಕ್ಕೊತ್ತಿ ಹಾಲುಬಿಳಿ ಪಟ್ಟಿ, ತುದಿ ಮಾತ್ರ ಪಾರದರ್ಶಕ. ಹೆಣ್ಣಿಗೆ ಆ ಬಿಳಿ ಪಟ್ಟಿ ಇಲ್ಲವೇ ಇಲ್ಲ. ಮೈಯೂ ರೆಕ್ಕೆಯ ಬುಡವೂ ಹಳದಿ. ಎರಡನ್ನೂ ಅಕ್ಕಪಕ್ಕ ಕಂಡರೆ ಬೇರೆ ಬೇರೆ ಜಾತಿ ಅಂತಲೇ ಅನ್ನಿಸಬೇಕು. ತೋಟದ ನೆರಳಲ್ಲಿ ಕೂರುವ ತುಕ್ಕುಗೆಂಪಿನ ನ್ಯೂರೋಥೆಮಿಸ್ ಫುಲ್ವಿಯಾ ಇದರದೇ ಬಳಗ. ಆದರೆ ಟುಲಿಯಾಕ್ಕೆ ಬಿಸಿಲು ಬೇಕು, ಹುಲ್ಲು ಬೆಳೆದ ನಿಂತ ನೀರು ಬೇಕು.

ಅಂಚಿನ ಪಕ್ಕದ ಒಂದು ಬುಡದಲ್ಲಿ ಮರಿ ಬಿಟ್ಟುಹೋದ ಪೊರೆ ಸಿಕ್ಕಿತು. ಒಣಗಿದ ಆರು ಕಾಲು ಇನ್ನೂ ಕಾಂಡವನ್ನು ಬಿಗಿಯಾಗಿ ಕಚ್ಚಿಕೊಂಡಿದ್ದವು. ಬೆನ್ನು ಸೀಳಿ, ಒಳಗಿಂದ ಬಿಳಿ ಎಳೆಗಳು ಇಣುಕುತ್ತಿದ್ದವು. ನೀರೊಳಗಿದ್ದಾಗಿನ ಉಸಿರುನಾಳಗಳ ಒಳಪದರ ಅದು. ಅಲ್ಲೇ ಕೆಸರಲ್ಲಿ ಸೊಳ್ಳೆಮರಿ ತಿಂದುಕೊಂಡು ಬೆಳೆದ ಹುಳ ಆ ಕಾಂಡ ಹತ್ತಿ ರೆಕ್ಕೆ ಬಿಚ್ಚಿದ್ದು ನೆನೆದು ಎಷ್ಟೋ ಹೊತ್ತು ಕೂತೆ. ಯಾವ ಜಾತಿಯ ಪೊರೆಯೋ, ಗದ್ದೆಯ ನೀರಿಲ್ಲದಿದ್ದರೆ ಅದಿಲ್ಲ.

ಮಾವ ಬಂದು ಪಕ್ಕದಲ್ಲಿ ನಿಂತರು. "ಬರೋ ವರ್ಷ ಇಲ್ಲೂ ಅಡಿಕೆ ಹಾಕಾಣ ಅಂತಿದೀನಿ ಮಾರಾಯ. ಬಸಿಗಾಲುವೆ ತೆಗಿಸ್ಬೇಕು." ಅವರನ್ನು ದೂರುವಂತಿಲ್ಲ. ಆಳು ಸಿಗುವುದಿಲ್ಲ, ಹಂದಿ ಕಾಟ, ಭತ್ತದಲ್ಲಿ ಹಾಕಿದ ದುಡ್ಡೂ ಹುಟ್ಟುವುದಿಲ್ಲ. ಆದರೆ ಮಲೆನಾಡಲ್ಲಿ ಒಂದೊಂದೇ ಗದ್ದೆ ಹೀಗೆ ತೋಟವಾಗುತ್ತಿರುವಾಗ ಈ ಜೀವಗಳು ಎಲ್ಲಿಗೆ ಹೋಗಬೇಕು? ನನಗೆ ನಿಜವಾಗಿ ಸಂಕಟವಾಯಿತು. ಪೊರೆ ತೋರಿಸಿ ಎಲ್ಲ ಹೇಳಿದೆ. ಕೆಳಗಿನ ಜೌಗು ಮೂಲೆಯನ್ನಾದರೂ ಬಸಿಯದೆ ಬಿಡಿ ಮಾವ ಎಂದೆ.

ಪೊರೆಯನ್ನು ಅಂಗೈಲಿಟ್ಟು ತಿರುಗಿಸಿ ನೋಡಿದರು. "ಆ ಮೂಲೇಲಿ ಹೆಂಗೂ ಅಡಿಕೆ ಏಳಲ್ಲ, ಬೇರು ಕೊಳೀತದೆ. ಅದು ಗದ್ದೆಯಾಗೇ ಇರ್ಲಿ ಬಿಡು," ಅಂದರು.