‘ಗುರುತು ಗೊತ್ತಿಲ್ಲ’

2013ರಲ್ಲಿ ನಾನು ಕಾಂಗೋದ ಗೋಮಾದಲ್ಲಿ ಒಂದು ನೆರವು ಸಂಸ್ಥೆಯ ಡೇಟಾ ನೋಡಿಕೊಳ್ಳುತ್ತಿದ್ದೆ. ಆ ತಿಂಗಳು ಮೇಲಿನಿಂದ ಮೇಲ್ ಬಂದಿತ್ತು: ಅತ್ಯಾಚಾರ ಪ್ರಕರಣಗಳ ಇನ್ಸಿಡೆಂಟ್ ಶೀಟಿನಲ್ಲಿ ‘ಶಸ್ತ್ರಧಾರಿಗಳು, ಗುರುತು ಗೊತ್ತಿಲ್ಲ’ ತುಂಬಾ ಆಯ್ತು, ಕಡಿಮೆ ಮಾಡಿ. ಅದಕ್ಕೇ ಮಸಿಸಿ ಕಡೆಯ ಕ್ಲಿನಿಕ್ಕಿಗೆ ನಾನೇ ಹೋದೆ.

ಬೆಳಿಗ್ಗೆ ಹತ್ತರ ಹೊತ್ತಿಗೆ ಒಬ್ಬಳು ನಡೆದುಕೊಂಡು ಬಂದಳು. ಘಟನೆಯಾಗಿ ಅಂದಿಗೆ ಮೂರನೇ ದಿನ. ಎಚ್‌ಐವಿ ತಗಲದಂತೆ ಕೊಡುವ ಮಾತ್ರೆ, ಪೆಪ್, ಶುರು ಮಾಡಲು ಎಪ್ಪತ್ತೆರಡು ಗಂಟೆ ಮಾತ್ರ, ಸಂಜೆಗೆ ಮುಗಿಯುತ್ತಿತ್ತು. ನರ್ಸ್ ಸ್ಟೀಲ್ ತಟ್ಟೆಯಲ್ಲಿ ಮಾತ್ರೆ, ಪಕ್ಕದಲ್ಲಿ ನೀರು ಇಟ್ಟಿದ್ದರು. ನಾನು ಪೆನ್ನು ತೆಗೆದೆ. ಸಮವಸ್ತ್ರ ಇತ್ತಾ? ಯಾವ ಭಾಷೆ ಆಡ್ತಿದ್ರು?

“ಇದು ಈಗ್ಲೇ ಬೇಕಾ?” ಅಂದರು ನರ್ಸ್.

“ಎರಡೇ ನಿಮಿಷ” ಅಂದೆ. ನಾನೂ ಹೆಂಗಸು, ನನ್ನ ಮುಂದೆ ಬಾಯಿ ಬಿಡ್ತಾಳೆ ಅನ್ನೋ ಧೈರ್ಯ.

ಅವಳು ನನ್ನ ಮುಖ ನೋಡಲಿಲ್ಲ, ಕಾಗದ ನೋಡಿದಳು. ಅದು ಎಲ್ಲಿಗೆ ಹೋಗುತ್ತೆ ಅಂತ ಕೇಳಿದಳು. ನ್ಯೂಯಾರ್ಕಿಗೆ, ವಿಶ್ವಸಂಸ್ಥೆಗೆ ಅಂದೆ, ಅದೂ ಹೆಮ್ಮೆಯಿಂದ! ಸೊಂಟದ ಬಟ್ಟೆ ಬಿಗಿಮಾಡಿಕೊಂಡು, ಹೊರಗೆ ಮಗು ಇದೆ ನೋಡಿ ಬರ್ತೀನಿ ಅಂತ ಹೋದವಳು ತಿರುಗಿ ಬರಲಿಲ್ಲ. ತಟ್ಟೆ ಹಾಗೇ ಇತ್ತು. ಗೇಟಿನ ತನಕ ಓಡಿದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ.

ನನ್ನ ತಲೆಯಲ್ಲಿ ಲುವುಂಗಿ ಅನ್ನೋ ಹಳ್ಳಿ ಇತ್ತು. 2010ರ ಜುಲೈ 30ರಿಂದ ನಾಲ್ಕು ದಿನ, ಅದೂ ಸೇರಿ ವಾಲಿಕಾಲೆ ಪ್ರದೇಶದ 13 ಹಳ್ಳಿಗಳಲ್ಲಿ 387 ಜನರ ಮೇಲೆ ಅತ್ಯಾಚಾರ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಕ್ಯಾಂಪು ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಇತ್ತು. ಅದರಲ್ಲಿದ್ದವರು ನಮ್ಮ ಭಾರತದ ಸೈನಿಕರು. ನಾವು ಸೋತೆವು ಅಂತ ಭದ್ರತಾ ಮಂಡಳಿಯೆದುರು ಒಪ್ಪಿಕೊಂಡವರೂ ಭಾರತೀಯರೇ, ವಿಶ್ವಸಂಸ್ಥೆಯ ಅಧಿಕಾರಿ ಅತುಲ್ ಖರೆ. ಆ ವರ್ಷದ ಡಿಸೆಂಬರಿನಲ್ಲಿ ಮಂಡಳಿಯ 1960ನೇ ನಂಬರಿನ ನಿರ್ಣಯ ಬಂತು: ಮಾಹಿತಿ ಕಲೆಹಾಕಿ, ಮಾಡಿದ ಗುಂಪುಗಳ ಹೆಸರು ಪಟ್ಟಿ ಮಾಡಿ ಅಂತ. ಹೆಸರು ಸಿಕ್ಕರೆ ಏನಾದರೂ ಆಗುತ್ತೆ ಅಂತ ನಾನು ನಂಬಿದ್ದೆ.

ಲುವುಂಗಿಯ ಆರೋಪಿ, ಶಸ್ತ್ರಧಾರಿ ಗುಂಪಿನ ನಾಯಕ ಶೇಕಾನ ಹೆಸರು ಎಲ್ಲರಿಗೂ ಗೊತ್ತಿತ್ತಲ್ಲ. ವಾರಂಟ್ ಇದ್ದರೂ 2011ರಲ್ಲಿ ರಾಜಾರೋಷವಾಗಿ ಚುನಾವಣೆಗೆ ನಿಂತ. ಆಮೇಲೆ ವಿಶ್ವಸಂಸ್ಥೆಯ ನಿರ್ಬಂಧ: ವಿದೇಶ ಪ್ರಯಾಣ ಇಲ್ಲ, ಆಸ್ತಿ ಜಪ್ತಿ. ಕಾಡಿನಲ್ಲಿರುವವನಿಗೆ ವಿಮಾನ ಹತ್ತಬೇಡ ಅಂದಂತೆ. ಅವನು ಶರಣಾಗಿದ್ದು 2017ರಲ್ಲಿ, ಜೀವಾವಧಿ ಶಿಕ್ಷೆಯಾಗಿದ್ದು 2020ರಲ್ಲಿ. ಶಿಕ್ಷೆ ಕೊಟ್ಟಿದ್ದು ಗೋಮಾದ ಮಿಲಿಟರಿ ಕೋರ್ಟು. ನಿರ್ಣಯದಲ್ಲಿ ಪಟ್ಟಿ ಮಾಡೋ ಅಧಿಕಾರ ಇದೆ, ಹಿಡಿದು ತರೋ ಕೈ ಇಲ್ಲ. ಆ ಪಟ್ಟಿಗೋಸ್ಕರ ನಾನು ಮಾತ್ರೆಗಿಂತ ಮೊದಲು ಪೆನ್ನು ತೆಗೆದಿದ್ದೆ.

ನರ್ಸ್ ಬೈಯಲಿಲ್ಲ. ಮಾತ್ರೆಗಳನ್ನು ಪೊಟ್ಟಣ ಕಟ್ಟಿ ಕೈಚೀಲಕ್ಕೆ ಹಾಕಿಕೊಂಡು ಸಂತೆಯ ದಿಕ್ಕಿಗೆ ಹೋದರು. ಐದೂವರೆಗೆ ಕೆಸರು ಕಾಲಲ್ಲಿ ಬಂದು “ಕೊಟ್ಟೆ” ಅಂದರು, ಅಷ್ಟೇ. ಫಾರ್ಮನ್ನು ಕೈಯಿಂದ ಇಸ್ಕೊಂಡು ‘ಗುರುತು ಗೊತ್ತಿಲ್ಲ’ಕ್ಕೆ ಟಿಕ್ ಹಾಕಿದರು.

ಮೂರು ವಾರಕ್ಕೆ ಆ ಸಾಲಿಗೆ ಕೆಂಪು ಬಣ್ಣ ಬಳಿದು ಶೀಟು ವಾಪಸ್ ಬಂತು: ದಯವಿಟ್ಟು ಖಚಿತಪಡಿಸಿ. ಖಚಿತಪಡಿಸಿದ್ದೇನೆ, ಗೊತ್ತಿಲ್ಲ, ಅಂತ ಬರೆದು ಕಳಿಸಿದೆ.