ಅಮೆರಿಕ ಅಧ್ಯಕ್ಷರ ‘ಜನಪ್ರಿಯತೆ’ಯ ಅಂಕಿಯನ್ನು ಓದುವ ಬಗೆ

ಅಮೆರಿಕದಲ್ಲಿ ರಾತ್ರಿ ಹೊರಬಿದ್ದ ಸಮೀಕ್ಷೆ ಬೆಂಗಳೂರಿನಲ್ಲಿ ಬೆಳಗಿನ ಕಾಫಿ ಹೊತ್ತಿಗೆ ಸುದ್ದಿಯಾಗಿರುತ್ತದೆ. ಅಧ್ಯಕ್ಷರ ಜನಪ್ರಿಯತೆ ಶೇ. 43ರಿಂದ 41ಕ್ಕೆ ಇಳಿಯಿತು ಎಂದರೆ ಸಾಕು, ಪರದೆಯ ಮೇಲೆ ‘ಭಾರೀ ಕುಸಿತ’. ಮಗನೋ ಮಗಳೋ ಎಚ್-1ಬಿ ವೀಸಾದಲ್ಲಿರುವ ಮನೆಗಳು ಈ ಊರಿನಲ್ಲಿ ಕಡಿಮೆಯಿಲ್ಲ. ಅವರಿಗೆ ಇದು ದೂರದ ಸುದ್ದಿಯಲ್ಲ. ಅದಕ್ಕೇ ಈ ಅಂಕಿಯನ್ನು ಸರಿಯಾಗಿ ಓದಲು ಬರಬೇಕು.

ಮೊದಲು ಆ 2ರ ಲೆಕ್ಕ. ಸಾವಿರ ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಸುಮಾರು 3 ಶೇಕಡಾ ಅಂಶ ಆಚೀಚೆ ಆಗುವುದು ಸಹಜ. ಅಂಥ ಎರಡು ಸಮೀಕ್ಷೆಗಳನ್ನು ಹೋಲಿಸುವಾಗ ಎರಡರ ತಪ್ಪೂ ಸೇರಿ ಈ ಅಂತರ 4 ಅಂಶ ದಾಟುತ್ತದೆ. ಹಾಗಾಗಿ 43 ಹೋಗಿ 41 ಆದದ್ದು ಇಳಿಕೆಯೇ ಎಂದು ಹೇಳಲು ಬರುವುದಿಲ್ಲ. ಇಳಿದದ್ದು ನಿಜವೇ ಆಗಿದ್ದರೂ ಅದು ‘ಶೇ. 2ರಷ್ಟು ಕುಸಿತ’ ಅಲ್ಲ, 2 ಶೇಕಡಾ ಅಂಶ. 43ರಲ್ಲಿ 2 ಹೋದರೆ ಶೇಕಡಾವಾರು ಇಳಿಕೆ 4.7 ಆಗುತ್ತದೆ. ನಮ್ಮ ಪತ್ರಿಕೆಗಳು ಇವೆರಡನ್ನೂ ಒಂದೇ ಎಂಬಂತೆ ಬರೆಯುವುದು ನಿಲ್ಲಬೇಕು.

‘ಜನಪ್ರಿಯತೆ’ ಎಂಬ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. 1930ರ ದಶಕದ ಅಧ್ಯಕ್ಷ ರೂಸ್‌ವೆಲ್ಟ್ ಕಾಲದಿಂದ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ ಕೇಳುತ್ತ ಬಂದಿದ್ದ ಪ್ರಶ್ನೆಯ ತಾತ್ಪರ್ಯ ಇಷ್ಟೆ: ಅಧ್ಯಕ್ಷರು ತಮ್ಮ ಕೆಲಸ ಮಾಡುತ್ತಿರುವ ರೀತಿ ನಿಮಗೆ ಒಪ್ಪಿಗೆಯೇ, ಇಲ್ಲವೇ? ಆ ವ್ಯಕ್ತಿ ಇಷ್ಟವೇ ಎಂಬುದು ಬೇರೆ ಪ್ರಶ್ನೆ, ವೋಟು ಹಾಕುತ್ತೀರಾ ಎಂಬುದು ಇನ್ನೊಂದು. 1998ರ ಡಿಸೆಂಬರ್‌ನಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯಾದ ಜನಪ್ರತಿನಿಧಿ ಸಭೆ ಅಧ್ಯಕ್ಷ ಕ್ಲಿಂಟನ್ ಅವರನ್ನು ವಾಗ್ದಂಡನೆಗೆ ಗುರಿಪಡಿಸಿದ ಬೆನ್ನಲ್ಲೇ ಅವರ ಕೆಲಸಕ್ಕೆ ಸಿಕ್ಕ ಒಪ್ಪಿಗೆ ಶೇ. 73. ಅವರ ನಡತೆಯನ್ನು ಮೆಚ್ಚದವರೂ ಆ 73ರೊಳಗೆ ಇದ್ದರು.

ಇನ್ನು ಕೇಳಿದ್ದು ಯಾರನ್ನು? ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು, ನಿಜ. ಆದರೆ ತಳ ಹತ್ತಿ ಮೇಲಿನದು ಹಸಿಯಾಗಿ ಉಳಿದ ಪಾತ್ರೆಗೆ ಆ ಮಾತು ನಡೆಯದು. 1936ರ ಅಧ್ಯಕ್ಷರ ಚುನಾವಣೆಗೆ ಮುನ್ನ ಜನಾಭಿಪ್ರಾಯ ತಿಳಿಯಲು ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಮತಚೀಟಿಗಳನ್ನು ಅಂಚೆಯಲ್ಲಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ವಾಪಸು ಬಂದವು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ವಿಳಾಸಗಳನ್ನು ಆರಿಸಿದ್ದು ಬಹುಪಾಲು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ 80ರ ದಶಕದ ಬೆಂಗಳೂರಿನಲ್ಲಿ, ಫೋನಿದ್ದ ಮನೆಗಳನ್ನಷ್ಟೇ ಕೇಳಿ ಊರಿನ ಅಭಿಪ್ರಾಯ ಇದು ಅಂದಿದ್ದರೆ ಹೇಗಿರುತ್ತಿತ್ತೋ ಹಾಗೆ. ಸಾಲದ್ದಕ್ಕೆ, ಚೀಟಿ ತುಂಬಿ ಕಳಿಸುವ ಉಮೇದು ಎಲ್ಲರಿಗೂ ಒಂದೇ ತೆರನಾಗಿ ಇರಲಿಲ್ಲ.

ಈ ತೊಂದರೆ ಇಂದಿಗೂ ಹೋಗಿಲ್ಲ. ಸಮೀಕ್ಷೆಯ ಕರೆ ತೆಗೆದು ಉತ್ತರಿಸುವವರು ಬಹಳ ಕಡಿಮೆ. ಕಾಲೇಜು ಓದಿದವರು ಉಳಿದವರಿಗಿಂತ ಹೆಚ್ಚು ಉತ್ತರಿಸುತ್ತಾರೆ. 2016ರಲ್ಲಿ ಹಲವು ರಾಜ್ಯಮಟ್ಟದ ಸಮೀಕ್ಷೆಗಳು ವಿದ್ಯಾಭ್ಯಾಸದ ಪ್ರಮಾಣಕ್ಕೆ ತಕ್ಕಂತೆ ಉತ್ತರಗಳ ತೂಕ ಹೊಂದಿಸಿರಲಿಲ್ಲ, ಅಂದರೆ ಕಡಿಮೆ ಉತ್ತರಿಸಿದ ಗುಂಪಿನ ಉತ್ತರಗಳನ್ನು ಅವರ ನಿಜವಾದ ಪಾಲಿಗೆ ಸರಿದೂಗಿಸಿರಲಿಲ್ಲ. ಕಾಲೇಜು ಓದದವರಲ್ಲಿ ಹೆಚ್ಚಿದ್ದ ಟ್ರಂಪ್ ಬೆಂಬಲ ಕಡಿಮೆ ಕಂಡದ್ದಕ್ಕೆ ಅದೂ ಒಂದು ಕಾರಣ. ವರದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ: ಯಾವ ದಿನಗಳಲ್ಲಿ ಕೇಳಿದ್ದು, ಎಷ್ಟು ಜನ, ಎಲ್ಲ ವಯಸ್ಕರೋ, ನೋಂದಾಯಿತ ಮತದಾರರೋ, ಮತ ಹಾಕುವ ಸಾಧ್ಯತೆ ಹೆಚ್ಚಿರುವವರೋ. ಬೇರೆ ಬೇರೆ ಗುಂಪಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಅನ್ನಬಾರದು. ಅದೇ ಸಂಸ್ಥೆಯ ಮೂರು ತಿಂಗಳ ಸಾಲನ್ನು ನೋಡಿ.

ದೇಶದೊಳಗಿನ ನೀತಿಗೂ ಈ ಅಂಕಿಗೂ ಇರುವ ನಂಟು ನೇರವಾದದ್ದಲ್ಲ. ಕೊಲ್ಲಿ ಯುದ್ಧ ಗೆದ್ದ 1991ರಲ್ಲಿ ಹಿರಿಯ ಬುಷ್ ಅವರಿಗೆ ಶೇ. 89 ಒಪ್ಪಿಗೆ. ಆರ್ಥಿಕ ಹಿಂಜರಿತದ ಬಿಸಿ ಆರಿರಲಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ ಎಂಬ ಮಾತನ್ನೂ ಅವರು 1990ರಲ್ಲಿ ಮುರಿದಿದ್ದರು. 1992ರ ಬೇಸಿಗೆಗೆ ಅಂಕಿ 30ರ ಕೆಳಗೆ, ನವೆಂಬರ್‌ನಲ್ಲಿ ಸೋಲು. ರೇಗನ್ ಅವರದು ಇದಕ್ಕೆ ತಿರುವುಮುರುವು. 1982ರ ಕೊನೆಗೆ ನಿರುದ್ಯೋಗ ಶೇ. 10.8 ಮುಟ್ಟಿತ್ತು, 1983ರ ಜನವರಿಯಲ್ಲಿ ಒಪ್ಪಿಗೆ ಶೇ. 35. ಕೆಲಸಗಳು ಮರಳಿದವು, 1984ರಲ್ಲಿ 49 ರಾಜ್ಯ ಗೆದ್ದರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಒಬಾಮ ಅವರ ಆರೋಗ್ಯ ವಿಮೆ ಕಾನೂನು. ಸಹಿ ಬಿದ್ದದ್ದು 2010ರ ಮಾರ್ಚ್ 23. ಮಕ್ಕಳು 26 ವರ್ಷದವರೆಗೆ ತಂದೆತಾಯಿಯ ವಿಮೆಯಲ್ಲೇ ಇರಬಹುದು ಎಂಬ ಅನುಕೂಲ ಬೇಗ ಬಂತು. ಆದರೆ ಮೊದಲೇ ಕಾಯಿಲೆಯಿರುವ ದೊಡ್ಡವರಿಗೆ ವಿಮೆ ನಿರಾಕರಿಸುವಂತಿಲ್ಲ ಎಂಬ ಮುಖ್ಯ ನಿಯಮ, ಕೊಳ್ಳುವವರಿಗೆ ಸಹಾಯಧನ, ಇವು ಜಾರಿಯಾದದ್ದು 2014ರಲ್ಲಿ. ಜಗಳ ಮೊದಲು ಬಂತು, ಫಲ ಆಮೇಲೆ. ನಡುವೆ 2010ರ ನವೆಂಬರ್‌ನಲ್ಲಿ ಒಬಾಮ ಅವರ ಡೆಮಾಕ್ರಟಿಕ್ ಪಕ್ಷ ಜನಪ್ರತಿನಿಧಿ ಸಭೆಯಲ್ಲಿ 63 ಸ್ಥಾನ ಕಳೆದುಕೊಂಡಿತು. 2017ರಲ್ಲಿ ಎದುರಿನ ರಿಪಬ್ಲಿಕನ್ ಪಕ್ಷ ಅದೇ ಕಾನೂನನ್ನು ರದ್ದುಮಾಡಲು ಹೊರಟಾಗ, ಕೈಗೆ ಬಂದದ್ದು ಹೋಗುತ್ತದೆ ಎಂದು ಕಂಡ ಮೇಲೆ, ಮೆಚ್ಚುವವರು ಹೆಚ್ಚಿದರು. ಜುಲೈನಲ್ಲಿ ಮೇಲ್ಮನೆ ಸೆನೆಟ್ 51–49ರಲ್ಲಿ ಆ ಪ್ರಯತ್ನವನ್ನು ತಳ್ಳಿಹಾಕಿತು. ಸಹಿ ಹಾಕಿದ ವರ್ಷದ ಅಂಕಿಯಿಂದ ಕಾನೂನಿನ ಬೆಲೆ ಕಟ್ಟಿದ್ದರೆ ಇದಾವುದೂ ಕಾಣುತ್ತಿರಲಿಲ್ಲ.

ಈಗಿನ ಅಂಕಿಗಳಿಗೆ ಏರಿಳಿತವೇ ಕಡಿಮೆ. ಕಿರಿಯ ಬುಷ್ 90ರಿಂದ 25ರವರೆಗೆ ಇಳಿದವರು. ಟ್ರಂಪ್ ಅವರ ಮೊದಲ ಅವಧಿಯುದ್ದಕ್ಕೂ ಗ್ಯಾಲಪ್ ಅಂಕಿ 34 ಮತ್ತು 49ರ ನಡುವೆಯೇ ಇತ್ತು. ಸ್ವಪಕ್ಷದವರು ಬಿಟ್ಟುಕೊಡುವುದಿಲ್ಲ, ಎದುರು ಪಕ್ಷದವರು ಒಪ್ಪುವುದಿಲ್ಲ. ಮುಖ್ಯವಾಗಿ ಅಲುಗಾಡುವವರು ಯಾವ ಪಕ್ಷಕ್ಕೂ ಸೇರದ ಮತದಾರರು, ಆದ್ದರಿಂದ ನೋಡಬೇಕಾದ್ದು ಅವರ ಅಂಕಿಯ ಸಾಲನ್ನೇ. ಆದರೆ ಸಾವಿರದಲ್ಲಿ ಅವರು 400 ಜನ ಇದ್ದರೆ ತಪ್ಪಿನ ಅಂತರ ಸುಮಾರು 5 ಅಂಶ. ಒಂದು ವಾರದ್ದನ್ನು ನಂಬಬೇಡಿ, ನಾಲ್ಕು ಸಮೀಕ್ಷೆಗಳ ಸರಾಸರಿ ತೆಗೆದು ಹಿಂದಿನ ನಾಲ್ಕರದ್ದರ ಜೊತೆ ಇಟ್ಟು ನೋಡಿ.